ಸಿಸ್ಟಮಿಕ್ ರೇಸಿಸಂ ಎಂದರೇನು? ಅದರಲ್ಲಿ ಬಿಳಿಯರ ಪಾತ್ರ ಏನು?

ಅಮೆರಿಕದ ಸುದ್ದಿ ಓದುವವರಿಗೆ ‘ಸಿಸ್ಟಮಿಕ್ ರೇಸಿಸಂ’, ಅಂದರೆ ವ್ಯವಸ್ಥೆಯೊಳಗೇ ಬೇರೂರಿದ ವರ್ಣಭೇದ, ಅನ್ನುವ ಮಾತು 2020ರಿಂದ ಈಚೆಗೆ ಜಾಸ್ತಿ ಕಿವಿಗೆ ಬೀಳುತ್ತಿದೆ. ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮಂಡಿಯಡಿ ಜಾರ್ಜ್ ಫ್ಲಾಯ್ಡ್ ಸತ್ತ ವರ್ಷ ಅದು. ಆದರೆ ವಿಚಾರ ಹಳೆಯದು. 1967ರಲ್ಲಿ ಕಪ್ಪು ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ ಮತ್ತು ರಾಜ್ಯಶಾಸ್ತ್ರದ ವಿದ್ವಾಂಸ ಚಾರ್ಲ್ಸ್ ಹ್ಯಾಮಿಲ್ಟನ್ ತಮ್ಮ ಪುಸ್ತಕದಲ್ಲಿ ಇದನ್ನು ‘ಇನ್‌ಸ್ಟಿಟ್ಯೂಷನಲ್ ರೇಸಿಸಂ’ ಎಂದು ಕರೆದರು. ಅವರು ಕೊಟ್ಟ ಉದಾಹರಣೆ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಊರಿನದು. 1963ರಲ್ಲಿ ಅಲ್ಲಿ ಕಪ್ಪು ಜನರ ಚರ್ಚಿಗೆ ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದರು. ದೇಶವೇ ಛೀ ಎಂದಿತು. ಅದೇ ಊರಿನಲ್ಲಿ ಪ್ರತಿ ವರ್ಷ 500 ಕಪ್ಪು ಕೂಸುಗಳು ಸರಿಯಾದ ಊಟ, ಮನೆ, ಔಷಧಿ ಇಲ್ಲದೆ ಸಾಯುತ್ತಿವೆ ಎಂದು ಇಬ್ಬರೂ ಬರೆದರು. ಅದಕ್ಕೆ ಯಾರೂ ಛೀ ಅನ್ನಲಿಲ್ಲ. ಯಾರನ್ನು ಬೈಯುವುದು? ಅಲ್ಲಿ ಬಾಂಬಿಟ್ಟವನು ಯಾರೂ ಇರಲಿಲ್ಲ.

ಇಷ್ಟೇ ಇದರ ತಿರುಳು. ಕಾನೂನು, ಬ್ಯಾಂಕು, ಶಾಲೆ, ಪೊಲೀಸು, ಆಸ್ಪತ್ರೆ ಎಲ್ಲವೂ ತಮ್ಮ ಪಾಡಿಗೆ ತಾವು ನಡೆಯುತ್ತಿದ್ದರೂ ಒಂದು ಬಣ್ಣದವರಿಗೆ ಲಾಭ, ಇನ್ನೊಂದು ಬಣ್ಣದವರಿಗೆ ನಷ್ಟ ಆಗುತ್ತಲೇ ಇರುವುದು. ಕೌಂಟರಿನಲ್ಲಿ ಕೂತವನ ಮನಸ್ಸಿನಲ್ಲಿ ದ್ವೇಷ ಇರಲೇಬೇಕು ಅಂತೇನಿಲ್ಲ. ಅವನು ನಿಯಮ ನೋಡಿ ಸೀಲು ಒತ್ತಿದರೆ ಸಾಕು.

ನಂಬಲು ಕಷ್ಟ ಅನ್ನಿಸುವವರು ಮನೆ ಸಾಲದ ಕತೆ ನೋಡಬೇಕು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಜನರ ಮನೆಗಳು ಹರಾಜಾಗುತ್ತಿದ್ದವು. ಆಗ ಕೇಂದ್ರ ಸರ್ಕಾರ 1933ರಲ್ಲಿ ಒಂದು ಸಾಲ ನಿಗಮ ಮಾಡಿತು. ಈ ನಿಗಮ 200ಕ್ಕೂ ಹೆಚ್ಚು ಊರುಗಳ ನಕ್ಷೆ ಬರೆಸಿ, ಬಡಾವಣೆಗಳಿಗೆ ಬಣ್ಣ ಹಚ್ಚಿತು. ಹಸಿರು ಎಂದರೆ ಉತ್ತಮ. ಆಮೇಲೆ ನೀಲಿ, ಹಳದಿ. ಕೆಂಪು ಎಂದರೆ ಅಪಾಯ. ಕಪ್ಪು ಜನ ಇದ್ದ ಕೇರಿಗಳು ಹೆಚ್ಚುಕಮ್ಮಿ ಎಲ್ಲವೂ ಕೆಂಪಾದವು. 1934ರಲ್ಲಿ ಎಫ್‌ಎಚ್‌ಎ ಅನ್ನುವ ಇಲಾಖೆ ಬಂತು. ಸಾಲಗಾರ ಕೈ ಎತ್ತಿದರೆ ಬ್ಯಾಂಕಿಗೆ ದುಡ್ಡು ತಾನು ಕೊಡುತ್ತೇನೆ ಎಂಬ ಭರವಸೆ ಅದರದು. ಹಾಗಾಗಿ ಕಡಿಮೆ ಮುಂಗಡ ಕಟ್ಟಿ, ಲಾಂಗ್ ಟರ್ಮ್ ಕಂತಿನಲ್ಲಿ ಸಾಮಾನ್ಯ ಗುಮಾಸ್ತನೂ ಮನೆ ಮಾಡಿಕೊಳ್ಳುವಂತಾಯಿತು. ಒಂದೇ ತೊಡಕು, ಈ ಭರವಸೆ ಬಿಳಿಯರ ಬಡಾವಣೆಗೆ ಮಾತ್ರ. ಬೇರೆ ಬಣ್ಣದವರಿಗೆ ಮಾರಬಾರದು ಎಂದು ಕ್ರಯಪತ್ರದಲ್ಲೇ ಷರತ್ತು ಬರೆಸಿ ಎಂದು ಇಲಾಖೆಯ ಕೈಪಿಡಿಯೇ ಸಲಹೆ ಕೊಡುತ್ತಿತ್ತು.

ಡೆಟ್ರಾಯಿಟ್‌ನಲ್ಲಿ 1941ರಲ್ಲಿ ನಡೆದದ್ದು ಕೇಳಿ. ಒಬ್ಬ ಬಿಲ್ಡರ್ ಬಿಳಿಯರಿಗಾಗಿ ಲೇಔಟ್ ಮಾಡಲು ಹೊರಟ. ಪಕ್ಕದಲ್ಲೇ ಕಪ್ಪು ಜನರ ಕೇರಿ ಇದ್ದದ್ದಕ್ಕೆ ಎಫ್‌ಎಚ್‌ಎ ಒಪ್ಪಲಿಲ್ಲ. ಅವನು ಎರಡರ ನಡುವೆ ಆರು ಅಡಿ ಎತ್ತರ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಕಟ್ಟಿಸಿದ. ತಕ್ಷಣ ಮಂಜೂರಾತಿ ಸಿಕ್ಕಿತು! ಆ ಗೋಡೆ ಇವತ್ತಿಗೂ ಇದೆ, ಅದರ ಮೇಲೆ ಈಗ ಚಿತ್ರ ಬಿಡಿಸಿದ್ದಾರೆ.

ಎರಡನೇ ಮಹಾಯುದ್ಧದಿಂದ ವಾಪಸಾದ ಸೈನಿಕರಿಗೂ ಸರ್ಕಾರ ಸಾಲದ ಸವಲತ್ತು ಕೊಟ್ಟಿತು. ಕಾನೂನಿನಲ್ಲಿ ಬಣ್ಣದ ಮಾತೇ ಇರಲಿಲ್ಲ. ಆದರೆ ಸಾಲ ಕೊಡಬೇಕಾದದ್ದು ಊರಿನ ಬ್ಯಾಂಕು. 1947ರ ಒಂದು ಲೆಕ್ಕದಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಇಂಥ 3,229 ಸಾಲಗಳು ಮಂಜೂರಾಗಿದ್ದವು. ಅದರಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು.

ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್‌ನಲ್ಲಿ, ಮನೆ ಮಾರುವಾಗ ಬಣ್ಣ ನೋಡುವಂತಿಲ್ಲ ಎಂಬ ಕಾನೂನು ಬಂತು. ಮುಗಿಯಿತಲ್ಲ, ಇನ್ನೇನು ಅಂತ ಕೇಳಬಹುದು. ಅಷ್ಟು ಹೊತ್ತಿಗೆ ಮೂವತ್ತೈದು ವರ್ಷ ಕಳೆದಿತ್ತು. ಬಿಳಿಯರ ಮನೆಗಳ ಬೆಲೆ ಏರಿತ್ತು, ಅದರ ಬಲದ ಮೇಲೆ ಮಕ್ಕಳು ಕಾಲೇಜು ಓದಿದ್ದರು, ಆ ಮಕ್ಕಳು ತಾವೂ ಮನೆ ಕೊಂಡಿದ್ದರು. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯಂತೆ ನಡುಮಟ್ಟದ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಇದಕ್ಕೆಲ್ಲ ಮನೆ ಸಾಲ ಒಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣ. ಇನ್ನು ಅಮೆರಿಕದ ಸರ್ಕಾರಿ ಶಾಲೆಗೆ ಹೆಚ್ಚಿನ ಕಡೆ ಆಯಾ ಊರಿನ ಆಸ್ತಿ ತೆರಿಗೆಯಿಂದ ದುಡ್ಡಿನ ದೊಡ್ಡ ಪಾಲು ಬರುತ್ತದೆ. ಮನೆಗೆ ಬೆಲೆ ಇದ್ದಲ್ಲಿ ಶಾಲೆಗೂ ದುಡ್ಡು. ಅಲ್ಲಿ ನೆಲೆಸಿದ ನಮ್ಮ ಕನ್ನಡದವರು ಮನೆ ಹುಡುಕುವಾಗ ಮೊದಲು ಕೇಳುವುದು ‘ಸ್ಕೂಲ್ ರೇಟಿಂಗ್ ಎಷ್ಟು’ ಅಂತಲೇ ಅಲ್ವಾ? ಆ ರೇಟಿಂಗಿನ ಕೆಳಗೆ ಎಷ್ಟೋ ಊರುಗಳಲ್ಲಿ ಹಳೆಯ ನಕ್ಷೆಯ ಬಣ್ಣ ಇದೆ.

ಇಲ್ಲಿಂದ ಎರಡನೇ ಪ್ರಶ್ನೆ ಶುರು. ತಪ್ಪು ವ್ಯವಸ್ಥೆಯದ್ದಾದರೆ, ಒಳ್ಳೆಯ ಬಿಳಿಯ ಏನು ಮಾಡಬೇಕು? ಕಪ್ಪು ಜನರಿಗೆ ಒತ್ತಾಸೆಯಾಗಿ ನಿಲ್ಲುವ ಬಿಳಿಯರನ್ನು ಅಲ್ಲಿ ‘ವೈಟ್ ಆ್ಯಲೈ’ ಎನ್ನುತ್ತಾರೆ. ‘ನನ್ನ ಮನಸ್ಸಿನಲ್ಲಿ ಭೇದ ಇಲ್ಲ’ ಅಂದುಬಿಟ್ಟರೆ ಆ್ಯಲೈ ಆದಂತಲ್ಲ. ಸೀಲು ಒತ್ತಿದ ಗುಮಾಸ್ತನೂ ಅದನ್ನೇ ಹೇಳುತ್ತಿದ್ದ.

ನನಗೆ ಈ ವಿಷಯದಲ್ಲಿ ಮೊದಲು ನೆನಪಾಗುವುದು ಕೆಂಟಕಿಯ ಲೂಯಿವಿಲ್‌ನ ಆ್ಯನ್ ಮತ್ತು ಕಾರ್ಲ್ ಬ್ರೇಡನ್ ದಂಪತಿ. ಪತ್ರಿಕೆಯ ಕೆಲಸದವರು, ಬಿಳಿಯರು. 1954ರಲ್ಲಿ ಆ್ಯಂಡ್ರ್ಯೂ ವೇಡ್ ಎಂಬ ಕಪ್ಪು ಎಲೆಕ್ಟ್ರಿಷಿಯನ್, ನೌಕಾಪಡೆಯಲ್ಲಿದ್ದು ಬಂದವನು, ಊರಾಚೆ ಮನೆ ಹುಡುಕುತ್ತಿದ್ದ. ಯಾರೂ ಮಾರಲಿಲ್ಲ. ಬ್ರೇಡನ್ ದಂಪತಿ ಅಲ್ಲಿನ ಒಂದು ಮನೆಯನ್ನು ತಮ್ಮ ಹೆಸರಿಗೆ ಕೊಂಡು ವೇಡ್ ಹೆಸರಿಗೆ ವರ್ಗ ಮಾಡಿಕೊಟ್ಟರು. ವ್ಯವಸ್ಥೆ ತಮಗೆ ಮಾತ್ರ ಕೊಟ್ಟಿದ್ದ ಒಂದು ಸಹಿಯ ಬೆಲೆಯನ್ನು ಇನ್ನೊಬ್ಬರಿಗಾಗಿ ಬಳಸಿದರು, ಅಷ್ಟೇ. ಇದನ್ನು ಸಹಿಸದ ಬಿಳಿಯರು ಬೆದರಿಸಲು ಮನೆ ಮುಂದೆ ಶಿಲುಬೆ ಸುಟ್ಟರು, ಗುಂಡು ಹಾರಿಸಿದರು. ಜೂನ್ ಕೊನೆಯಲ್ಲಿ ಡೈನಮೈಟ್ ಇಟ್ಟು ಮನೆಯ ಒಂದು ಭಾಗವನ್ನು ಹಾರಿಸಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಬಾಂಬಿಟ್ಟವರ ಮೇಲೆ ಯಾವ ವಿಚಾರಣೆಯೂ ಆಗಲಿಲ್ಲ. ಮನೆ ಕೊಡಿಸಿದವರ ಮೇಲೆ ರಾಜದ್ರೋಹದ ಕೇಸು ಬಿತ್ತು! ಇದೆಲ್ಲ ಕಮ್ಯುನಿಸ್ಟರ ಸಂಚು ಎಂದ ಸರ್ಕಾರಿ ವಕೀಲ, ಬ್ರೇಡನ್ ಮನೆಯ ಕಪಾಟಿನ ಪುಸ್ತಕಗಳನ್ನೇ ಸಾಕ್ಷಿಯಾಗಿ ತಂದ. ಕಾರ್ಲ್‌ಗೆ 15 ವರ್ಷ ಜೈಲು, 5,000 ಡಾಲರ್ ದಂಡ. ಕೆಲವು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಹೊರಬಂದರು, 1956ರಲ್ಲಿ ತೀರ್ಪು ರದ್ದಾಯಿತು. ವೇಡ್ ಕುಟುಂಬ ಮಾತ್ರ ಆ ಮನೆಯಲ್ಲಿ ಬಾಳಲು ಆಗಲಿಲ್ಲ. ಕಪ್ಪು ಜನರ ಕಡೆಯೇ ವಾಪಸು ಹೋಯಿತು.

1963ರಲ್ಲಿ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಆ್ಯನ್ ಬ್ರೇಡನ್ ಹೆಸರು ಬರುತ್ತದೆ, ನಮ್ಮ ಹೋರಾಟವನ್ನು ಅರ್ಥ ಮಾಡಿಕೊಂಡ ಕೆಲವೇ ಬಿಳಿಯರಲ್ಲಿ ಒಬ್ಬರು ಅಂತ. ಅದೇ ಪತ್ರದಲ್ಲಿ ಕಿಂಗ್ ಮೆದು ಮಾತಿನ ಬಿಳಿಯರ ಮೇಲೆ ಬೇಸರ ತೋಡಿಕೊಳ್ಳುತ್ತಾರೆ. ನ್ಯಾಯಕ್ಕಿಂತ ಶಾಂತಿ ಸುವ್ಯವಸ್ಥೆಯೇ ಮುಖ್ಯ ಅನ್ನುವ ಇವರು ಕಪ್ಪು ಜನರ ಮೇಲೆ ದಾಳಿ ಮಾಡುವ ಮುಸುಕುಧಾರಿ ಕ್ಲಾನ್ ಗುಂಪಿಗಿಂತ ದೊಡ್ಡ ಅಡ್ಡಿ ಅನ್ನಿಸುವಷ್ಟು.

ಆದರೆ ಒಳ್ಳೆಯ ಆ್ಯಲೈ ಇದ್ದರೂ ಒಂದು ಸಿಕ್ಕು ಬಿಡಿಸಲಾಗದೆ ಉಳಿಯುತ್ತದೆ. 1965ರ ಫೆಬ್ರವರಿಯಲ್ಲಿ ಅಲಬಾಮಾದಲ್ಲಿ ಪೊಲೀಸನ ಗುಂಡಿಗೆ ಜಿಮ್ಮಿ ಲೀ ಜಾಕ್ಸನ್ ಎಂಬ ಕಪ್ಪು ಯುವಕ ಸತ್ತ. ಆ ಸಾವಿನಿಂದಲೇ ಅದೇ ರಾಜ್ಯದ ಸೆಲ್ಮಾ ಊರಿನಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಮೆರವಣಿಗೆ ಹುಟ್ಟಿತು. ಮಾರ್ಚ್‌ನಲ್ಲಿ ಅದೇ ಸೆಲ್ಮಾದಲ್ಲಿ ಚಳವಳಿಗೆ ಬಂದ ಬಿಳಿಯ ಪಾದ್ರಿ ಜೇಮ್ಸ್ ರೀಬ್‌ನನ್ನು ಹೊಡೆದು ಕೊಂದರು. ಕೆಲವೇ ದಿನಕ್ಕೆ ಅಧ್ಯಕ್ಷ ಜಾನ್ಸನ್ ಸಂಸತ್ತಿನಲ್ಲಿ ಭಾಷಣ ಮಾಡಿದಾಗ ನೆನೆದದ್ದು ಸತ್ತುಹೋದ ಒಬ್ಬ ದೇವರ ಮನುಷ್ಯನನ್ನು. ಜಾಕ್ಸನ್ ಹೆಸರು ಬರಲೇ ಇಲ್ಲ. ಜೊತೆಗೆ ನಿಂತು ಜೀವ ಕೊಟ್ಟ ಬಿಳಿಯನ ತಪ್ಪೇನೂ ಇಲ್ಲ, ನಿಜ. ಆದರೂ ಜೀವದ ಬೆಲೆ ಬಣ್ಣದಿಂದಲೇ ನಿಗದಿಯಾಯಿತು.

ಮರುವರ್ಷ ಕಾರ್ಮೈಕಲ್ ಮುಂದಾಳಾಗಿದ್ದ ಎಸ್‌ಎನ್‌ಸಿಸಿ ಎಂಬ, ವಿದ್ಯಾರ್ಥಿಗಳು ಕಟ್ಟಿದ ಹೋರಾಟದ ಸಂಘಟನೆ ಬಿಳಿಯ ಕಾರ್ಯಕರ್ತರಿಗೆ ಹೇಳಿತು: ನಮ್ಮ ಕೇರಿಗೆ ಬರಬೇಡಿ, ನಿಮ್ಮ ಜನರ ನಡುವೆ ಹೋಗಿ ಕೆಲಸ ಮಾಡಿ, ರೋಗ ಇರುವುದು ಅಲ್ಲಿ. ಬಹಳ ಜನ ಮುನಿಸಿಕೊಂಡರು. ಆ್ಯನ್ ಬ್ರೇಡನ್ ಮುನಿಯಲಿಲ್ಲ. 2006ರಲ್ಲಿ ಸಾಯುವ ತನಕ ಮುಖ್ಯವಾಗಿ ಬಿಳಿಯರ ನಡುವೆಯೇ ಓಡಾಡಿದರು. ಅದು ಸಲೀಸಾದ ಕೆಲಸವಲ್ಲ. ಕಪ್ಪು ಜನರ ಸಭೆಯಲ್ಲಿ ಚಪ್ಪಾಳೆ ಸಿಗಬಹುದು, ಸ್ವಂತ ಚಿಕ್ಕಪ್ಪನ ಊಟದ ಮೇಜಿನಲ್ಲಿ ಸಿಗುವುದು ಬೈಗುಳ.

2020ರ ಜೂನ್ 2ರಂದು ಲಕ್ಷಾಂತರ ಜನ ಇನ್‌ಸ್ಟಾಗ್ರಾಮ್‌ನಲ್ಲಿ ಸುಮ್ನೆ ಒಂದು ಕಪ್ಪು ಚೌಕ ಹಾಕಿದರು. ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಚಳವಳಿಯ ಹ್ಯಾಶ್‌ಟ್ಯಾಗನ್ನೇ ಬಳಸಿದ್ದರಿಂದ ಪ್ರತಿಭಟನೆಯ ಕೆಲಸದ ಮಾಹಿತಿ ಚೌಕಗಳಡಿ ಮುಚ್ಚಿಹೋಯಿತು. ತೋರಿಕೆಯ ಆ್ಯಲೈಶಿಪ್ ಅಂದರೆ ಇದು.

ಕೈಯಿಂದ ದುಡ್ಡು ಬಿಡುವ ಪ್ರಶ್ನೆ ಬಂದಾಗ ಮಾತು ಬಿಗಿಯಾಗುತ್ತದೆ. ಷಿಕಾಗೊ ಪಕ್ಕದ ಇವಾನ್‌ಸ್ಟನ್ ಊರು 2021ರಲ್ಲಿ ಒಂದು ಯೋಜನೆ ತಂದಿತು. 1919ರಿಂದ 1969ರ ನಡುವೆ ಅಲ್ಲಿದ್ದ ಕಪ್ಪು ಜನರಿಗೆ ಅಥವಾ ಅವರ ಮಕ್ಕಳು ಮೊಮ್ಮಕ್ಕಳಿಗೆ, ಮನೆ ವಿಷಯದಲ್ಲಿ ಆದ ಅನ್ಯಾಯಕ್ಕೆ ಮನೆ ಖರ್ಚಿಗೆಂದೇ ತಲಾ 25,000 ಡಾಲರ್‌ವರೆಗೆ ಪರಿಹಾರ. ನಗರಸಭೆಯಲ್ಲಿ ಎಂಟು ಓಟು ಪರ, ಒಂದು ವಿರುದ್ಧ. ವಿರುದ್ಧ ಬಿದ್ದ ಆ ಒಂದು ಓಟು ಕಪ್ಪು ಸದಸ್ಯೆಯೊಬ್ಬರದು. ಇದು ಪರಿಹಾರವೇ ಅಲ್ಲ, ಬರೀ ಒಂದು ವಸತಿ ಯೋಜನೆ ಅನ್ನುವುದು ಅವರ ತಕರಾರು.