ಡಾಟ್ ಎನ್ವ್ ಫೈಲ್ ಡಿಲೀಟ್ ಮಾಡಿದ್ರೆ ಕೀ ಸೇಫ್ ಆಗುತ್ತಾ?

ಪ್ರಶ್ನೆ: ಸರ್, ರಾಯಚೂರಿನ ರಾಜೇಂದ್ರ ಗಂಜ್‌ನ ಅಡತಿ ಅಂಗಡಿಯೊಂದಕ್ಕೆ ಬಿಲ್ಲಿಂಗ್ ಆಪ್ ಮಾಡಿಕೊಟ್ಟಿದ್ದೇನೆ. ಆಪ್‌ನ ಕೀ, ಪಾಸ್‌ವರ್ಡ್ ಬರೆದಿಟ್ಟ ಡಾಟ್ ಎನ್ವ್ (.env) ಫೈಲ್ ತಪ್ಪಿ, ಕೋಡ್ ಇಡುವ ಗಿಟ್‌ಹಬ್ ಸೈಟಿಗೆ ಹೋಗಿತ್ತು. ತಕ್ಷಣ ಡಿಲೀಟ್ ಮಾಡಿ ಮತ್ತೆ ಪುಶ್ ಮಾಡಿದೆ. ಈಗ ಸೇಫ್ ಅಲ್ವಾ?

ಉತ್ತರ: ಅಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ! ಮೊದಲು ಕೀ ಬದಲಿಸಿ, ಆಮೇಲೆ ಮುಂದೆ ಓದಿ. ರೇಜರ್‌ಪೇ (ಆನ್‌ಲೈನ್ ಹಣ ಪಾವತಿ) ಕೀ, ಡೇಟಾಬೇಸ್ ಪಾಸ್‌ವರ್ಡ್, ಎಸ್‌ಎಂಎಸ್ ಕೀ, ಆ ಫೈಲಿನಲ್ಲಿ ಇದ್ದದ್ದೆಲ್ಲ ಹೊಸದಾಗಬೇಕು. ಹಳೆಯದು ರದ್ದಾಗಬೇಕು. ಹೊಸದನ್ನು ಸರ್ವರಿನಲ್ಲಿ ಹಾಕಿ ಆಪ್ ರೀಸ್ಟಾರ್ಟ್ ಮಾಡಿ. ಬಹಳಷ್ಟು ಆಪ್‌ಗಳು ಇವನ್ನು ಶುರುವಾಗುವಾಗ ಮಾತ್ರ ಓದಿಕೊಳ್ಳುತ್ತವೆ.

ಡಿಲೀಟ್ ಮಾಡಿದ್ರೆ ಹೋಯ್ತು ಅನ್ನೋ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ, ಬಿಡುವ ಹಾಗೆ ಕಾಣಲ್ಲ. ಗಂಜ್‌ನಲ್ಲಿ ಗುಮಾಸ್ತರು ಕಿರ್ದಿ ಬರೆಯೋದನ್ನು ನೋಡಿದ್ದೀರಲ್ಲ? ತಪ್ಪಾದರೆ ಹಾಳೆ ಹರಿಯಲ್ಲ. ಗೀಟು ಎಳೆದು ಕೆಳಗೆ ಸರಿ ಬರೀತಾರೆ, ಹಳೇ ಸಾಲು ಓದಲು ಬರುತ್ತಲೇ ಇರುತ್ತದೆ. ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಕೂಡ ಹಾಗೇ. ಪರೀಕ್ಷೆ ಮಾಡಿ ನೋಡಿ: ಗಿಟ್ ಲಾಗ್ ಕಮಾಂಡಿಗೆ ಮೈನಸ್ ಪಿ ಸೇರಿಸಿ ಓಡಿಸಿ. ನೀವು ಫೈಲ್ ಡಿಲೀಟ್ ಮಾಡಿದ ಕಮಿಟ್, ಅಂದರೆ ಆ ಬದಲಾವಣೆಯ ದಾಖಲೆ, ಬರುತ್ತದೆ. ಅದರ ಕೆಳಗೆ ಕೆಂಪು ಬಣ್ಣದಲ್ಲಿ, ಮೈನಸ್ ಚಿಹ್ನೆಯ ಮುಂದೆ, ನಿಮ್ಮ ಕೀ ಒಂದಕ್ಷರವೂ ಬಿಡದೆ ಇರುತ್ತದೆ. ಅಳಿಸಿದ ಕಮಿಟ್ಟೇ ಅದನ್ನು ಎತ್ತಿ ತೋರಿಸುತ್ತದೆ!

"ಗಿಟ್‌ಇಗ್ನೋರ್‌ಗೆ ಸೇರಿಸಿದ್ದೀನಿ" ಅಂತೀರಿ. ಇಂಥ ಫೈಲ್ ಸೇರಿಸಬೇಡ ಅಂತ ಗಿಟ್‌ಗೆ ಹೇಳುವ ಪಟ್ಟಿ ಅದು; ಒಮ್ಮೆ ಗಿಟ್ ಒಳಗೆ ಸೇರಿದ ಫೈಲಿಗೆ ಲಗಾವಾಗಲ್ಲ. "ರೆಪೊ ಪ್ರೈವೇಟ್ ಇದೆ" ಅಂತೀರಿ. ರೆಪೊ ಅಂದರೆ ಕೋಡಿನ ಸಂಗ್ರಹ; ಅದನ್ನು ಕ್ಲೋನ್ (ನಕಲು) ಮಾಡಿಕೊಂಡ ಪ್ರತಿ ಲ್ಯಾಪ್‌ಟಾಪಿನಲ್ಲೂ ಪೂರ್ತಿ ಇತಿಹಾಸ ಕೂತಿರುತ್ತದೆ, ಕೆಲಸ ಬಿಟ್ಟು ಹೋದ ಹುಡುಗನದ್ದರಲ್ಲೂ. ಪಬ್ಲಿಕ್ ಆಗಿದ್ದರೆ ಕೀ ಹುಡುಕೋದಕ್ಕೆಂದೇ ಬಾಟ್‌ಗಳಿವೆ. ಗಿಟ್ ಫಿಲ್ಟರ್ ರೆಪೊ ಎಂಬ ಟೂಲ್ ಬಳಸಿ ಇತಿಹಾಸ ತೊಳೆಯಬಹುದು, ತೊಳೆಯಿರಿ. ಆದರೆ ಬೇರೆಯವರ ಪ್ರತಿಗಳಿಗೆ ಅದು ಮುಟ್ಟಲ್ಲ. ಕೀ ಬದಲಿಸದೆ ಸುಮ್ನೆ ಇತಿಹಾಸ ತೊಳೆದರೆ ಕೆಲಸ ಅರ್ಧವೂ ಆಗಿಲ್ಲ.

ಸರ್ವರಿನಲ್ಲಿ ಆ ಫೈಲ್ ವೆಬ್ ಫೋಲ್ಡರಿನ ಹೊರಗಿರಲಿ, ಪರ್ಮಿಷನ್ 600 (ಮಾಲೀಕ ಖಾತೆ ಮಾತ್ರ ಓದಿ ಬರೆಯಬಲ್ಲದು) ಇರಲಿ. ಆಪ್ ಲಾರಾವೆಲ್ ಎಂಬ ಪಿಎಚ್‌ಪಿ ಫ್ರೇಮ್‌ವರ್ಕಿನಲ್ಲಿ ಮಾಡಿದ್ದರೆ ಪ್ರೊಡಕ್ಷನ್‌ನಲ್ಲಿ (ಜನ ಬಳಸುವ ಸರ್ವರಿನಲ್ಲಿ) ಡೀಬಗ್ ಆಫ್ ಮಾಡಿ, ಇಲ್ಲದಿದ್ದರೆ ಎರರ್ ಪೇಜೇ ಒಳಗಿನದ್ದನ್ನೆಲ್ಲ ಹೇಳಿಬಿಡಬಹುದು.

ನೀವು ಕೇಳದ ಇನ್ನೊಂದು ಮಾತು ಇದೆ, ನನಗೆ ಅದರದ್ದೇ ಚಿಂತೆ ಜಾಸ್ತಿ. ನಿಮ್ಮ ಫ್ರಂಟ್ಎಂಡ್, ಅಂದರೆ ಬ್ರೌಸರಿನಲ್ಲಿ ಓಡುವ ಭಾಗ, ವೀಟ್ (Vite) ಎಂಬ ಬಿಲ್ಡ್ ಟೂಲಿನಲ್ಲಿ ಇದೆಯಾ? ಹಾಗಿದ್ದರೆ ಡಾಟ್ ಎನ್ವ್‌ನಲ್ಲಿ ಹೆಸರಿನ ಮುಂದೆ ವೀಟ್ ಅಂಡರ್‌ಸ್ಕೋರ್ (VITE_) ಹಚ್ಚಿ ಕೋಡಿನಲ್ಲಿ ಬಳಸಿದ ವ್ಯಾಲ್ಯೂ ಬಿಲ್ಡ್ ಆಗುವಾಗ ಜಾವಾಸ್ಕ್ರಿಪ್ಟ್ ಒಳಗೆ ಸೇರಿಕೊಳ್ಳುತ್ತದೆ. ಬ್ರೌಸರ್ ತೆರೆದವರಿಗೆಲ್ಲ ಸಿಗುತ್ತದೆ. ರೇಜರ್‌ಪೇ ಕೀ ಐಡಿ ಅಲ್ಲಿ ಇರಬಹುದು, ಚೆಕ್‌ಔಟ್‌ಗೆ ಬೇಕೇ ಬೇಕು. ಕೀ ಸೀಕ್ರೆಟ್ ಮಾತ್ರ ಸರ್ವರ್ ಬಿಟ್ಟು ಕದಲಬಾರದು. ಇವತ್ತೇ, ಬಿಲ್ಡ್ ಆದದ್ದು ಕೂರುವ ಡಿಸ್ಟ್ ಫೋಲ್ಡರ್ ತೆರೆದು ನಿಮ್ಮ ಸೀಕ್ರೆಟ್‌ನ ಮೊದಲ ನಾಲ್ಕೈದು ಅಕ್ಷರ ಹುಡುಕಿ. ಸಿಕ್ಕರೆ ಕೋಡಿನಿಂದ ತೆಗೆದು, ಮತ್ತೆ ಬಿಲ್ಡ್ ಮಾಡಿ, ಆ ಕೀಯನ್ನೂ ಬದಲಿಸಿ.