‘ಕೊಡಿಲ್ಲಿ, ನಾನೇ ಮಾಡ್ತೀನಿ’ ಅನ್ನುವ ಮೆಂಟರ್‌ಗಳಿಗೆ

ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು), ಡಿಸ್ಪ್ರಾಕ್ಸಿಯಾ (ಕೈಕಾಲುಗಳ ಹೊಂದಾಣಿಕೆಯ ತೊಡಕು) ಇರುವ ಕಲಾ ವಿದ್ಯಾರ್ಥಿಗಳಿಗೆ ಮೆಂಟರ್, ಅಂದರೆ ಮಾರ್ಗದರ್ಶಕರು, ಆಗಲು ಬರುವವರು ಸಾಮಾನ್ಯವಾಗಿ ಒಳ್ಳೆಯ ಮನಸ್ಸಿನವರೇ. ಎಡವಟ್ಟಾಗುವುದೂ ಆ ಒಳ್ಳೆಯತನದಿಂದಲೇ. ಹುಡುಗಿ ಚಿತ್ರ ಅಂಟಿಸುವ ದಪ್ಪ ರಟ್ಟು, ಮೌಂಟ್ ಬೋರ್ಡ್, ಕತ್ತರಿಸುವಾಗ ಗೆರೆ ಓರೆಯಾಗುತ್ತದೆ. ಹುಡುಗ ತನ್ನ ಚಿತ್ರಗಳ ಬಗ್ಗೆ ಬರೆದ ಅರ್ಧ ಪುಟದಲ್ಲಿ ಒತ್ತಕ್ಷರ, ದೀರ್ಘ ಎಲ್ಲ ಕಲಸಿಹೋಗಿರುತ್ತವೆ. ನೋಡಲಾರದೆ ‘ಕೊಡಿಲ್ಲಿ’ ಎಂದು ಇಸಿದುಕೊಂಡುಬಿಡುತ್ತಾರೆ. ಪೋರ್ಟ್‌ಫೋಲಿಯೊ (ಕೃತಿಗಳ ಕಡತ) ಚೆಂದವಾಗುತ್ತದೆ, ನಿಜ. ಮುಂದೆ ಕಾಲೇಜಿನ ಸಂದರ್ಶನದಲ್ಲಿ ‘ಹೀಗೆ ಬರೆದಿದ್ದೀಯಲ್ಲ, ಸ್ವಲ್ಪ ವಿವರಿಸು’ ಅಂದಾಗ ಹುಡುಗ ಬೆಪ್ಪಾಗಿ ಕೂರುತ್ತಾನೆ. ಅದು ಅವನ ಮಾತೇ ಅಲ್ಲ, ಓದಿಕೊಳ್ಳುವುದೂ ಕಷ್ಟ.

ನೀವು ಬದಲಾಯಿಸಬೇಕಾದದ್ದು ಕೆಲಸ ಮಾಡುವ ಕ್ರಮವನ್ನು, ಕೆಲಸವನ್ನಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ ಹೋಗಿ ಮತ್ತೆ ಅದನ್ನೇ ಮಾಡುತ್ತಾರೆ. ಅದಕ್ಕೇ ಎರಡು ಕೆಲಸಗಳನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಆ ಬೋರ್ಡ್. ಕತ್ತರಿಸುವಾಗ ಒಂದು ಕೈ ಸ್ಕೇಲನ್ನು ಅದುಮಿ ಹಿಡಿಯಬೇಕು, ಇನ್ನೊಂದು ಕೈ ಕಟರ್ ಎಳೆಯಬೇಕು. ಎರಡೂ ಕೈಗೆ ಬೇರೆ ಬೇರೆ ಕೆಲಸ, ಒಂದೇ ಕ್ಷಣದಲ್ಲಿ. ಡಿಸ್ಪ್ರಾಕ್ಸಿಯಾ ಇರುವವರಿಗೆ ಈ ಹೊಂದಾಣಿಕೆ ತಾನಾಗಿ ಆಗುವುದಿಲ್ಲ. ಎಳೆಯುವ ಕೈಗೆ ಗಮನ ಹೋದೊಡನೆ ಅದುಮಿದ ಕೈ ಸಡಿಲವಾಗುತ್ತದೆ, ಸ್ಕೇಲ್ ಜಾರುತ್ತದೆ, ಬೆರಳು ಬ್ಲೇಡಿನ ದಾರಿಗೆ ಬರುತ್ತದೆ. ‘ಗಟ್ಟಿಯಾಗಿ ಹಿಡ್ಕೋ’ ಅನ್ನುವುದರಿಂದ ಏನೂ ಆಗದು. ಒಂದು ಕೈಯ ಕೆಲಸವನ್ನೇ ತೆಗೆದುಹಾಕಿ. ಕಟಿಂಗ್ ಮ್ಯಾಟ್ ಮೇಲೆ ಬೋರ್ಡ್ ಇಟ್ಟು, ದಪ್ಪನೆಯ ಸ್ಟೀಲ್ ಸ್ಕೇಲಿನ ಎರಡೂ ತುದಿಗೆ ಜಿ-ಕ್ಲ್ಯಾಂಪ್ (ತಿರುಪು ಬಿಗಿಯುವ ಹಿಡಿಕೆ) ಹಾಕಿ ಟೇಬಲ್ಲಿಗೆ ಬಿಗಿಯಿರಿ. ಸ್ಕೇಲಿನ ಅಡಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಜಾರುವುದು ಇನ್ನೂ ಕಡಿಮೆ. ಖಾಲಿಯಾದ ಕೈ ಬ್ಲೇಡಿನಿಂದ ದೂರ, ಟೇಬಲ್ಲಿನ ಅಂಚಿನಲ್ಲಿರಲಿ. ಕೂತು ಬೇಡ, ನಿಂತು ಕತ್ತರಿಸಲಿ. ಬ್ಲೇಡ್ ಹೊಸದಿರಲಿ: ಮೊಂಡು ಬ್ಲೇಡಿಗೆ ಜಾಸ್ತಿ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಅದು ಜಾರುವುದು. ಒಂದೇ ಏಟಿಗೆ ಸೀಳುವುದು ಬೇಡ, ಅದೇ ಗೆರೆಯಲ್ಲಿ ನಾಲ್ಕೈದು ಸಲ ಹಗುರಾಗಿ ಎಳೆಯಲಿ.

‘ಪ್ರಾಕ್ಟೀಸ್ ಮಾಡಿದರೆ ಬರುತ್ತೆ ಬಿಡಿ’ ಎನ್ನುತ್ತಾರೆ. ಬರುತ್ತದೆ, ಆದರೆ ನಿಧಾನವಾಗಿ. ಟೇಬಲ್ಲಿನ ಎತ್ತರ ಬದಲಾದರೆ, ಉಪಕರಣ ಬದಲಾದರೆ ಕಲಿತದ್ದರಲ್ಲಿ ಒಂದಷ್ಟು ಮತ್ತೆ ಕಲಿಯಬೇಕಾಗಬಹುದು. ಅದು ಸೋಮಾರಿತನವಲ್ಲ. ಆದ್ದರಿಂದ ಪ್ರತಿ ಹಂತದ ಫೋಟೊ ತೆಗೆದು, ಕ್ರಮವಾಗಿ ಕೆಲಸದ ಜಾಗದ ಗೋಡೆಗೆ ಅಂಟಿಸಿ. ಬಾಯಲ್ಲಿ ಒಂದೇ ಉಸಿರಿಗೆ ಹೇಳಿದ ಐದು ಸೂಚನೆಗಳಲ್ಲಿ ಎರಡು ಉಳಿದರೆ ಹೆಚ್ಚು.

ಇನ್ನು ಬರವಣಿಗೆ. ಕಲಾಕೃತಿಯ ಜತೆ ಕೊಡುವ ನೂರು ನೂರಿಪ್ಪತ್ತು ಪದಗಳ ಟಿಪ್ಪಣಿ ಡಿಸ್ಲೆಕ್ಸಿಯಾ ಇರುವವರಿಗೆ ದೊಡ್ಡ ತಲೆನೋವು. ಕೃತಿಯನ್ನು ಎದುರಿಗಿಟ್ಟು ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ. ಇದರ ಅರ್ಥವೇನು ಎಂದು ಕೇಳಬೇಡಿ, ಗಂಟಲು ಕಟ್ಟುತ್ತದೆ. ಏನೇನು ಬಳಸಿದೆ, ಯಾವುದನ್ನು ಮೊದಲು ಮಾಡಿದೆ, ಮಾಡ್ತಾ ಮಾಡ್ತಾ ಏನು ಬದಲಾಯಿಸಿದೆ ಎಂದು ಕೇಳಿ. ಮಾತು ಹರಿದು ಬರುತ್ತದೆ. ಬೇಕಾದರೆ ಅದನ್ನು ಫೋನಿನ ಕನ್ನಡ ವಾಯ್ಸ್ ಟೈಪಿಂಗ್‌ಗೆ ಅವರೇ ಮತ್ತೆ ಹೇಳಲಿ. ಪೂರ್ಣವಿರಾಮ ಬೀಳುವುದಿಲ್ಲ, ಪದಗಳು ಎಲ್ಲೆಲ್ಲೋ ತುಂಡಾಗುತ್ತವೆ, ಆಡುಮಾತು ತಪ್ಪಾಗಿ ಬೀಳುತ್ತದೆ. ನೀವು ಗಟ್ಟಿಯಾಗಿ ಓದುತ್ತಾ ಹೋಗಿ, ವಾಕ್ಯ ಎಲ್ಲಿ ಮುಗಿಯಿತು ಎಂದು ಅವರು ಹೇಳಲಿ. ಒಂದೊಂದು ವಾಕ್ಯವನ್ನೂ ಒಂದೊಂದು ಚೀಟಿಗೆ ಹಾಕಿ ನೆಲದ ಮೇಲೆ ಹರಡಿ, ಹಿಂದೆ ಮುಂದೆ ಮಾಡಿ ಜೋಡಿಸಲಿ. ಚಿತ್ರ ಸಂಯೋಜಿಸಿ ಅಭ್ಯಾಸವಿರುವ ಹಲವರಿಗೆ ಈ ಜೋಡಣೆ ಸಲೀಸು. ಕಾಗುಣಿತ ತಿದ್ದುವುದು ಕಟ್ಟಕಡೆಗೆ. ಆಗಲೂ ಅವರ ಪದ ತೆಗೆದು ನಿಮ್ಮ ಪದ ಹಾಕಬೇಡಿ. ‘ಬಣ್ಣ ಒಣಗೋಕೆ ಮುಂಚೆ ಕೆರೆದೆ’ ಅಂದದ್ದನ್ನು ‘ಮೇಲ್ಮೈಯ ಅನ್ವೇಷಣೆ’ ಮಾಡಿದರೆ ಅದು ಯಾರದ್ದೂ ಆಗಿ ಉಳಿಯುವುದಿಲ್ಲ.

ಕೊನೆಯ ಪ್ರತಿಯನ್ನು 14 ಪಾಯಿಂಟ್ ಗಾತ್ರದ ಅಕ್ಷರದಲ್ಲಿ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಟ್ಟು, ಎಡಕ್ಕೆ ಮಾತ್ರ ಹೊಂದಿಸಿ ಅಚ್ಚು ಹಾಕಿ. ಕನ್ನಡಕ್ಕೆ ಈ ಜಾಗ ಬೇಕೇ ಬೇಕು, ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಕಣ್ಣು ದಾರಿ ತಪ್ಪುತ್ತದೆ. ಮ-ಯ, ಬ-ಭ, ದ-ಧ ಗೊಂದಲವಾಗುವವರಿಗಂತೂ ಒತ್ತಿದ ಸಾಲು ಯಾತನೆ. ಬಣ್ಣದ ಪ್ಲಾಸ್ಟಿಕ್ ಹಾಳೆ ಇಟ್ಟು ಓದಿದರೆ ಡಿಸ್ಲೆಕ್ಸಿಯಾ ಸರಿಹೋಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ, ದುಡ್ಡು ಹಾಕಬೇಡಿ. ಡಿಸ್ಲೆಕ್ಸಿಯಾ ಇದ್ದವರೆಲ್ಲ ಹುಟ್ಟು ಕಲಾವಿದರು ಎಂಬ ಮಾತಿಗೂ ಅಷ್ಟೇ. ಒಬ್ಬ ಹುಡುಗನಿಗೆ ಪ್ರತಿಭೆ ಇದೆಯೆಂದರೆ ಅದು ಅವನ ಪ್ರತಿಭೆ. ನ್ಯೂನತೆಗೆ ಪರಿಹಾರವಾಗಿ ಬಂದದ್ದು ಎನ್ನುವುದು ಅವನಿಗೆ ಮಾಡುವ ಅವಮಾನ.

ಸಮಯದ ಅಂದಾಜು ಡಿಸ್ಲೆಕ್ಸಿಯಾ ಇರುವವರಿಗೂ ಡಿಸ್ಪ್ರಾಕ್ಸಿಯಾ ಇರುವವರಿಗೂ ಕೈಕೊಡುವುದುಂಟು. ಪ್ರತಿ ಕೆಲಸಕ್ಕೂ ಮೊದಲು ಎಷ್ಟು ಹೊತ್ತು ಬೇಕು ಎಂದು ಅವರೇ ಬರೆಯಲಿ, ಮುಗಿದ ಮೇಲೆ ನಿಜವಾಗಿ ಹಿಡಿದದ್ದನ್ನು ಪಕ್ಕದಲ್ಲಿ ಬರೆಯಲಿ. ಕೆಲವು ವಾರದಲ್ಲಿ ಅವರವರ ಲೆಕ್ಕ ಸಿಗುತ್ತದೆ: ಎರಡು ಪಟ್ಟೋ, ಮೂರು ಪಟ್ಟೋ. ಭೇಟಿ ಮುಗಿದ ಸಂಜೆ ವಾಟ್ಸ್ಆ್ಯಪ್‌ನಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಸಾಕು, ಅದರಲ್ಲಿ ಒಂದೇ ಕೆಲಸವಿರಲಿ. ನಿದ್ದೆ ಕೆಟ್ಟಿದ್ದರೆ, ಕಾಲೇಜಿಗೆ ಹೋಗಲು ಹೆದರುತ್ತಿದ್ದರೆ ಅದು ಮೆಂಟರ್ ನಿಭಾಯಿಸುವ ವಿಷಯವಲ್ಲ, ಕ್ಲಿನಿಕಲ್ ಸೈಕಾಲಜಿಸ್ಟ್ ನೋಡಬೇಕು. ಕೈಗಳ ಹಿಡಿತಕ್ಕೆ ಆಕ್ಯುಪೇಷನಲ್ ಥೆರಪಿಸ್ಟ್.

ಕಾಗದಪತ್ರದ ಬಗ್ಗೆ ಒಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯ ಅಡಿ ಡಿಸ್ಲೆಕ್ಸಿಯಾ, ಡಿಸ್ಪ್ರಾಕ್ಸಿಯಾ ಎರಡೂ ಹೆಸರಿಸಿಯೇ ಇವೆ. ಶಾಲೆಯಲ್ಲಿದ್ದಾಗ ಮಾಡಿಸಿದ ನ್ಯೂನತೆಯ ಪ್ರಮಾಣಪತ್ರ ಪ್ರವೇಶ ಪರೀಕ್ಷೆಗೆ ನಡೆಯುತ್ತದೆಂದು ನಂಬಿ ಕೂರಬೇಡಿ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಂತೆ 14 ಮತ್ತು 18ನೇ ವಯಸ್ಸಿನಲ್ಲಿ ಮರುತಪಾಸಣೆ ಆಗಬೇಕಿತ್ತು. ನಿಯಮಗಳು ಪರಿಷ್ಕರಣೆಯಾಗುತ್ತಿರುತ್ತವೆ, ಆಯಾ ವರ್ಷದ ಪ್ರವೇಶ ಕೈಪಿಡಿ ನೋಡಿಕೊಳ್ಳಿ. ಲಿಪಿಕಾರ (ಹೇಳಿದ ಉತ್ತರವನ್ನು ಬರೆದುಕೊಡುವವರು), ಹೆಚ್ಚುವರಿ ಸಮಯ ಬೇಕೆಂದರೆ ಅರ್ಜಿ ತುಂಬುವಾಗಲೇ ಕೇಳಬೇಕು. ಆಸ್ಪತ್ರೆಯಲ್ಲಿ ತಪಾಸಣೆಯ ಸರದಿ ಬರುವುದು ತಡವಾಗಬಹುದು, ಅರ್ಜಿ ಕರೆಯುವ ಮೊದಲೇ ಹೆಸರು ಬರೆಸಿಡಿ.

ವರ್ಷ ಕಳೆದಂತೆ ಆಸರೆಗಳನ್ನು ಒಂದೊಂದಾಗಿ ಸಡಿಲಿಸುತ್ತಾ ಬನ್ನಿ. ಮೊದಲು ನಿಮ್ಮ ವಾಯ್ಸ್ ಮೆಸೇಜ್ ನಿಲ್ಲಲಿ, ಆಮೇಲೆ ಗೋಡೆಯ ಫೋಟೊ. ಕ್ಲ್ಯಾಂಪ್ ಮತ್ತು ರೆಕಾರ್ಡಿಂಗ್ ಮಾತ್ರ ತೆಗೆಸಲು ಹೋಗಬೇಡಿ. ಅವು ಅವರ ಕಸುಬಿನ ಸಲಕರಣೆಗಳು.