ಕಾಡುಕುರಿಯ ಆರು ವರ್ಣತಂತುಗಳು

ತೀರ್ಥಹಳ್ಳಿ, ಹೊಸನಗರದ ಕಾಡಂಚಿನ ಊರುಗಳಲ್ಲಿ ಮುಸ್ಸಂಜೆ ಹೊತ್ತು ನಾಯಿ ಬೊಗಳಿದಂಥ ಒರಟು ಕೂಗು ಕೇಳಿದರೆ, ಕಾಡುಕುರಿಗೆ ಚಿರತೆ ಕಂಡಿರಬೇಕು ಎನ್ನುವವರಿದ್ದಾರೆ. ಮಲೆನಾಡಿನ ಈ ಪುಟ್ಟ ಜಿಂಕೆ ಜೀವಕೋಶ ವಿಜ್ಞಾನಿಗಳಿಗೂ ಬಹಳ ಬೇಕಾದ ಪ್ರಾಣಿ. ನಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲವಲ್ಲ ಎಂಬುದು ನನಗೆ ಬೇಸರದ ಸಂಗತಿ.

ಶಿವಮೊಗ್ಗದ ಕಾಲೇಜಿನಲ್ಲಿ ಜೀವವಿಜ್ಞಾನ ಓದುವ ಹುಡುಗರು ಈರುಳ್ಳಿ ಬೇರಿನ ತುದಿಗೆ ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಒತ್ತಿ, ಸೂಕ್ಷ್ಮದರ್ಶಕದಲ್ಲಿ ಕೋಶ ವಿಭಜನೆಯನ್ನು ನೋಡುತ್ತಾರೆ. ಅಲ್ಲಿ ಕಾಣುವ ವರ್ಣತಂತುಗಳು, ಅಂದರೆ ಆನುವಂಶಿಕ ಮಾಹಿತಿಯ ಡಿಎನ್‌ಎಯನ್ನು ಹೊತ್ತ ದಾರದಂಥ ರಚನೆಗಳು, 16. ಮನುಷ್ಯನ ಕೋಶದಲ್ಲಿ 46. ಕಾಡುಕುರಿಯಲ್ಲಿ? 1970ರಲ್ಲಿ ವಿಜ್ಞಾನಿಗಳಾದ ಡೋರಿಸ್ ವರ್ಸ್ಟರ್ ಮತ್ತು ಕರ್ಟ್ ಬೆನಿರ್ಷ್ಕೆ ಎಣಿಸಿದಾಗ ಹೆಣ್ಣಿನಲ್ಲಿ 6, ಗಂಡಿನಲ್ಲಿ 7 ಮಾತ್ರ ಸಿಕ್ಕವು. ಸ್ತನಿಗಳಲ್ಲಿ ಇಷ್ಟು ಕಡಿಮೆ ಸಂಖ್ಯೆ ಬೇರೆಲ್ಲೂ ಕಂಡಿಲ್ಲ. ಇದರ ಹತ್ತಿರದ ಬಂಧುವಾದ ಚೀನಾದ ಕಾಡುಕುರಿಯಲ್ಲಿ 46 ಇವೆ. ಹಾಗೆಂದು ನಮ್ಮ ಕಾಡುಕುರಿಯ ಡಿಎನ್‌ಎ ಏನೂ ಸೊರಗಿಲ್ಲ. ವಿಕಾಸದ ಹಾದಿಯಲ್ಲಿ ಹಲವು ಸಣ್ಣ ವರ್ಣತಂತುಗಳು ಒಂದರ ತುದಿಗೆ ಇನ್ನೊಂದು ಬೆಸೆದುಕೊಂಡು ಕೆಲವೇ ದೊಡ್ಡವಾಗಿವೆ, ಅಷ್ಟೆ.

ಡಿಎನ್‌ಎ ಎಂಬುದು ಅಡಿನೈನ್, ಥೈಮೀನ್, ಗ್ವಾನೀನ್, ಸೈಟೋಸೀನ್ ಎಂಬ ನಾಲ್ಕು ರಾಸಾಯನಿಕ ‘ಅಕ್ಷರ’ಗಳ ಸಾಲು. ಕಾಡುಕುರಿಯ ಅತ್ಯಂತ ಉದ್ದನೆಯ ವರ್ಣತಂತುವಿನಲ್ಲಿ ಸುಮಾರು 100 ಕೋಟಿ ಅಕ್ಷರಗಳಿವೆ. ಕೋಶ ಎರಡಾಗಿ ಒಡೆಯುವ ಮೊದಲು ಅಷ್ಟೂ ನಕಲಾಗಬೇಕು. ಡಿಎನ್‌ಎಯ ಎರಡು ಎಳೆಗಳು ಬಿಚ್ಚಿಕೊಳ್ಳುತ್ತವೆ. ಅಡಿನೈನ್ ಎದುರು ಥೈಮೀನ್, ಗ್ವಾನೀನ್ ಎದುರು ಸೈಟೋಸೀನ್ ಬಂದು ಕೂರುತ್ತದೆ. ಸ್ತನಿಗಳ ಕೋಶದಲ್ಲಿ ಈ ಕೆಲಸದ ವೇಗ ಸೆಕೆಂಡಿಗೆ ಸುಮಾರು 50 ಅಕ್ಷರ. ಒಂದು ತುದಿಯಿಂದ ಶುರುಮಾಡಿ ಇನ್ನೊಂದು ತುದಿ ಮುಟ್ಟುವುದಾದರೆ ಏಳು ತಿಂಗಳು ಮೀರುತ್ತದೆ. ಕೋಶಕ್ಕೆ ಹಿಡಿಯುವುದು ಕೆಲವೇ ಗಂಟೆ, ಏಕೆಂದರೆ ನಕಲು ಸಾವಿರಾರು ಕಡೆಗಳಿಂದ ಶುರುವಾಗುತ್ತದೆ. ಒಮ್ಮೆ ನಕಲಾದ ಭಾಗ ಅದೇ ಸುತ್ತಿನಲ್ಲಿ ಮತ್ತೆ ನಕಲಾಗದಂತೆ ತಡೆಯೂ ಇದೆ. ಅಕ್ಷರ ಜೋಡಿಸುವ ಕಿಣ್ವವೇ ತಪ್ಪಿದ ಅಕ್ಷರವನ್ನು ಕಿತ್ತು ಸರಿಯಾದದ್ದನ್ನು ಹಾಕುತ್ತದೆ. ಅದರ ಕಣ್ತಪ್ಪಿಸಿ ಉಳಿದದ್ದನ್ನು ಹಿಂದೆಯೇ ಬರುವ ಇನ್ನೊಂದು ತಂಡ ಹಿಡಿಯುತ್ತದೆ. ಕೊನೆಗೆ ಉಳಿಯುವ ತಪ್ಪು 100 ಕೋಟಿ ಅಕ್ಷರಗಳಿಗೆ ಒಂದರಷ್ಟು ಅಥವಾ ಇನ್ನೂ ಕಡಿಮೆ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಇದರ ನಂತರದ ಹಂತ. ನಕಲಾದ ಎರಡು ಪ್ರತಿಗಳು ಕೊಹೆಸಿನ್ ಎಂಬ ಪ್ರೋಟೀನಿನ ಉಂಗುರಗಳಿಂದ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಪ್ರತಿಯೊಂದರ ಮೇಲೂ ಕೈನೆಟೊಕೋರ್ ಎಂಬ ಹಿಡಿಕೆ. ಕೋಶದ ಎರಡು ಧ್ರುವಗಳಿಂದ, ಅಂದರೆ ಎದುರುಬದುರಿನ ತುದಿಗಳಿಂದ, ಬಂದ ಪ್ರೋಟೀನಿನ ಎಳೆಗಳು ಆ ಹಿಡಿಕೆಗಳಿಗೆ ತಾಗುತ್ತವೆ, ಜಾರುತ್ತವೆ, ಮತ್ತೆ ತಾಗುತ್ತವೆ. ಎರಡೂ ಎಳೆ ಒಂದೇ ಧ್ರುವದಿಂದ ಬಂದಿದ್ದರೆ ಜಗ್ಗುವ ಬಿಗಿ ಹುಟ್ಟುವುದಿಲ್ಲ. ಅಂಥ ಹಿಡಿತ ಕಳಚಿಹೋಗುತ್ತದೆ. ಹಗ್ಗಜಗ್ಗಾಟದಂತೆ ಎದುರುಬದುರು ಎಳೆತ ಬಿದ್ದಾಗ ಮಾತ್ರ ಹಿಡಿತ ಗಟ್ಟಿ. ಎಳೆ ತಾಗದ ಒಂದೇ ಒಂದು ಹಿಡಿಕೆ ಉಳಿದಿದ್ದರೂ ಸಾಕು, ಅದು ಕಳುಹಿಸುವ ಸಂಕೇತದಿಂದ ಇಡೀ ಕೋಶ ಕಾಯುತ್ತದೆ. ಕಡೆಯದಕ್ಕೂ ಎಳೆ ಸಿಕ್ಕಿದ ಮೇಲೆ ಕೊಹೆಸಿನ್ ಉಂಗುರಗಳು ಕತ್ತರಿಸಿಹೋಗಿ ಪ್ರತಿಗಳು ಆಚೆಗೊಂದು ಈಚೆಗೊಂದು ಸರಿಯುತ್ತವೆ.

ಕಾಡುಕುರಿಯ ಮಹತ್ವ ಇಲ್ಲಿದೆ. ಮನುಷ್ಯನ ಕೋಶದಲ್ಲಿ 46ರ ನೂಕುನುಗ್ಗಲಿನ ನಡುವೆ ಒಂದು ವರ್ಣತಂತುವನ್ನು ಹಿಂಬಾಲಿಸುವುದು ಕಷ್ಟ. ಕಾಡುಕುರಿಯಲ್ಲಿ ಇರುವುದೇ ಆರೇಳು, ಹಿಡಿಕೆಗಳೂ ದೊಡ್ಡವು. ಅದಕ್ಕೇ ಅದರ ಚರ್ಮದಿಂದ ಬೆಳೆಸಿದ ಕೋಶಗಳು ಹಲವು ದೇಶಗಳ ಪ್ರಯೋಗಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿವೆ.

ಎರಡೂ ಜಾತಿಯ ಕಾಡುಕುರಿಗಳನ್ನು ಸಾಕಣೆಯಲ್ಲಿ ಕೂಡಿಸಿದಾಗ ಮರಿ ಹುಟ್ಟಿದ್ದುಂಟು. ಗಂಡು ಮರಿಯಲ್ಲಿ ಚೀನಾದ ತಾಯಿಯಿಂದ 23, ಭಾರತದ ತಂದೆಯಿಂದ 4, ಒಟ್ಟು 27 ವರ್ಣತಂತುಗಳು. ಮರಿ ಬೆಳೆಯುತ್ತದೆ, ಓಡಾಡುತ್ತದೆ. ದೇಹದ ಕೋಶ ಒಡೆಯುವಾಗ ಪ್ರತಿ ವರ್ಣತಂತುವಿಗೆ ತನ್ನದೇ ನಕಲು ಜೊತೆಗಿದ್ದರೆ ಸಾಕು; ಉಳಿದವು ಎಷ್ಟಿವೆ, ಎಲ್ಲಿಂದ ಬಂದಿವೆ ಎಂಬ ಗೊಡವೆ ಅದಕ್ಕಿಲ್ಲ. ವೀರ್ಯಾಣು ತಯಾರಾಗುವಾಗಲಾದರೋ ತಂದೆಯದ್ದು ತಾಯಿಯದ್ದರ ಜೊತೆ ಜೋಡಿಯಾಗಲೇಬೇಕು. 4 ಮತ್ತು 23 ಅಲ್ಲಿ ಹೊಂದಿಕೊಳ್ಳದೆ, ಆ ಮರಿ ಬಂಜೆಯಾಗಿಯೇ ಉಳಿಯುತ್ತದೆ.